ಆಷಾಢಭೂತಿ ಯಾರು, ಸೋಗಲಾಡಿ ಯಾರು?

ಪ್ರಶ್ನೆ: ‘ಆಷಾಢಭೂತಿ’ಗೂ ಆಷಾಢ ಮಾಸಕ್ಕೂ ಏನು ಸಂಬಂಧ? ‘ಆಷಾಡಭೂತಿ’ ಎಂದು ಬರೆದರೆ ತಪ್ಪೇ? ಸೋಗಲಾಡಿ, ಗೋಸುಂಬೆ, ಗೋಮುಖವ್ಯಾಘ್ರ ಎಲ್ಲಕ್ಕೂ ಇದೇ ಅರ್ಥವೇ?
– ಓದುಗರು, ಶಿರಸಿ

ಉತ್ತರ: ಈ ಬೈಗುಳ ಬಂದದ್ದು ಮಾಸದಿಂದಲ್ಲ, ಒಬ್ಬ ಕಳ್ಳನ ಹೆಸರಿನಿಂದ. ಪಂಚತಂತ್ರದ ‘ಮಿತ್ರಭೇದ’ದಲ್ಲಿ ಅವನ ಕಥೆ ಇದೆ. ದೇವಶರ್ಮನೆಂಬ ಸನ್ಯಾಸಿ, ಭಕ್ತರು ಕೊಟ್ಟ ಬಟ್ಟೆಗಳನ್ನು ಮಾರಿ ಕೂಡಿಸಿದ ಹಣವನ್ನು ಹಗಲೂ ರಾತ್ರಿ ಕಂಕುಳಲ್ಲೇ ಇಟ್ಟುಕೊಂಡಿರುತ್ತಾನೆ. ಕನ್ನ ಹಾಕಲು ದಾರಿ ಕಾಣದ ಆಷಾಢಭೂತಿ ವೈರಾಗ್ಯದ ಮಾತಾಡಿ ಶಿಷ್ಯನಾಗುತ್ತಾನೆ, ಸೇವೆ ಮಾಡಿ ನಂಬಿಕೆ ಗಳಿಸುತ್ತಾನೆ. ಒಂದು ದಿನ ಗುರು ಗಂಟನ್ನು ಇವನ ಕೈಗೆ ಕೊಟ್ಟು ಬಹಿರ್ದೆಸೆಗೆ ಹೋಗಿ ಬರುವಷ್ಟರಲ್ಲಿ ಗಂಟೂ ಇಲ್ಲ, ಶಿಷ್ಯನೂ ಇಲ್ಲ. (ಆ ಗುರುವೂ ಅಷ್ಟೇನೂ ವಿರಾಗಿಯಲ್ಲ ಎಂಬುದನ್ನು ಎಲ್ಲರೂ ಮರೆತಿದ್ದಾರೆ!)

ಆದ್ದರಿಂದ ಹೊರಗೆ ಧರ್ಮ, ಒಳಗೆ ಹುನ್ನಾರ ಎರಡೂ ಇದ್ದರೇ ಈ ಮಾತು ಸಲ್ಲುತ್ತದೆ. ತೂಕದಲ್ಲಿ ಹೊಡೆಯುವ ಅಂಗಡಿಯವನು ಬರೀ ಮೋಸಗಾರ. ಹಣೆ ತುಂಬ ವಿಭೂತಿ ಬಳಿದು, ನೀತಿ ಹೇಳುತ್ತಲೇ ಹೊಡೆದರೆ ಆಷಾಢಭೂತಿ. ಮಹಾಪ್ರಾಣ ‘ಢ’ವೇ ಸರಿ. ಗಂಡು ಹೆಣ್ಣು ಇಬ್ಬರಿಗೂ ಒಂದೇ ರೂಪ. ಬಹುವಚನ ‘ಆಷಾಢಭೂತಿಗಳು’, ಗುಣಕ್ಕೆ ‘ಆಷಾಢಭೂತಿತನ’.

ಗೋಮುಖವ್ಯಾಘ್ರನಲ್ಲಿ ಕ್ರೌರ್ಯ ಇರಬೇಕು. ಬರೀ ಕಪಟಕ್ಕೆ ಅದು ಭಾರವಾದ ಮಾತು. ಗೋಸುಂಬೆ ಬಣ್ಣ ಬದಲಿಸುತ್ತಲೇ ಇರುವವನು, ಪಕ್ಷಾಂತರಿಗೆ ಚೆನ್ನಾಗಿ ಒಪ್ಪುತ್ತದೆ. ಆಷಾಢಭೂತಿ ಹಾಗಲ್ಲ, ಕೆಲಸ ಆಗುವವರೆಗೂ ಒಂದೇ ಬಣ್ಣ. ಇನ್ನು ಸೋಗಲಾಡಿ ಇಲ್ಲದ ದೊಡ್ಡಸ್ತಿಕೆ ತೋರಿಸಿಕೊಳ್ಳುವವನು: ಸಾಲದ ಕಾರು, ಸಾಹುಕಾರನ ಗತ್ತು. ಅವನಿಂದ ನಿಮ್ಮ ಗಂಟಿಗೆ ಅಪಾಯ ಇರಲೇಬೇಕೆಂದೇನಿಲ್ಲ.

ಪ್ರಶ್ನೆ: ‘ಸೋಗು’ ಯಾವಾಗಲೂ ಕೆಟ್ಟ ಅರ್ಥದಲ್ಲೇ ಬರುತ್ತದೆಯೇ?
– ಓದುಗರು, ತುಮಕೂರು

ಉತ್ತರ: ಇಲ್ಲ. ಬಾಗಲಕೋಟೆಯ ಹೋಳಿಯಲ್ಲಿ ಹೊರಡುವ ‘ಸೋಗಿನ ಬಂಡಿ’ಗಳನ್ನು ನೋಡಿ; ಅಲ್ಲಿ ಸೋಗು ಎಂದರೆ ವೇಷ, ಅಷ್ಟೇ. ಮರಾಠಿಯ ‘ಸೋಂಗ್’ ಕೂಡ ಇದೇ ನಂಟಿನದು. ದಕ್ಷಿಣದ ಬರವಣಿಗೆಯಲ್ಲಿ ಕಪಟದ ಛಾಯೆಯೇ ಹೆಚ್ಚು: ‘ಪೊಲೀಸರ ಸೋಗಿನಲ್ಲಿ ಬಂದು ಒಡವೆ ದೋಚಿದರು’. ಇಲ್ಲಿ ‘ವೇಷದಲ್ಲಿ’ ಎಂದರೆ ಖಾಕಿ ಬಟ್ಟೆ ಇದ್ದಿರಬೇಕು. ‘ಸೋಗಿನಲ್ಲಿ’ ಎಂದರೆ ಬರೀ ಬಾಯಿಮಾತಿನಲ್ಲಿ ಹಾಗೆ ಹೇಳಿಕೊಂಡಿದ್ದರೂ ಸಾಕು. ‘ಸೋಗೆ’ ಬೇರೆಯೇ ಪದ, ಅದು ಅಡಿಕೆಯ ಗರಿ. ಹಾಗಾಗಿ ‘ಸೋಗೆಲಾಡಿ’ ಎಂದು ಬರೆಯಬೇಡಿ.