‘ಕಟ್ಟಿದ್ದ’ ಎಂಬ ಒಂದು ಪದ

ಊರಿಗೆ ನೆರೆ ಬಂದಿದೆ, ಬರೆಯಲು ಕುಳಿತರೆ ಕೈ ನಡುಗುತ್ತದೆ, ಮನಸ್ಸು ತಿಳಿಯಾಗಲು ಒಂದೆರಡು ವಾರ ಎಲ್ಲಾದರೂ ದೂರ ಹೋಗಿ ಬರಲೇ, ಬರೆಯುವ ಶಕ್ತಿ ಎಲ್ಲಿಂದ ತರಲಿ ಎಂದು ಕೇಳಿದ್ದೀರಿ. ಹೋಗಬೇಡಿ. ನಾನು ಹೋಗಿದ್ದೆ.

2018ರ ಆಗಸ್ಟ್ ತಿಂಗಳು. ನಮ್ಮದು ಮಡಿಕೇರಿ ತಾಲ್ಲೂಕಿನಲ್ಲಿ, ಮಕ್ಕಂದೂರಿನ ಆಚೆ, ಗುಡ್ಡದ ಮಗ್ಗುಲಿನಲ್ಲಿರುವ ಊರು. ಎರಡೂವರೆ ಎಕರೆ ಕಾಫಿ, ಮರಗಳಿಗೆ ಹಬ್ಬಿಸಿದ ಕರಿಮೆಣಸು, ಮನೆಯ ಕೆಳಗೆ ಗದ್ದೆ, ಗದ್ದೆಯ ಅಂಚಿಗೆ ತೋಡು, ಅಂದರೆ ಸಣ್ಣ ಹಳ್ಳ. ನಾನು ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರು. ಹದಿನೈದು ದಿನಕ್ಕೊಮ್ಮೆ ಒಂದು ಪತ್ರಿಕೆಗೆ ಅಂಕಣ ಬರೆಯುತ್ತಿದ್ದೆ. ಆ ವರ್ಷ ಜೂನ್‌ನಲ್ಲಿ ಹಿಡಿದ ಮಳೆ ಬಿಟ್ಟಿರಲಿಲ್ಲ. ಜುಲೈ 9ರಂದು ಭೂಮಿ ಒಮ್ಮೆ ಸಣ್ಣಗೆ ಕಂಪಿಸಿತ್ತು. ಅದರ ಬಗ್ಗೆ ನಾಲ್ಕು ದಿನ ಮಾತಾಡಿ ಸುಮ್ಮನಾದೆವು. ಮಣ್ಣು ಎಷ್ಟು ನೀರು ಕುಡಿದು ಕುಳಿತಿದೆ ಎಂಬುದರ ಅಂದಾಜು ನನಗಂತೂ ಇರಲಿಲ್ಲ.

16ನೇ ತಾರೀಖಿನ ರಾತ್ರಿ ನೆರೆಮನೆಯ ಅತ್ತೆ ಬಾಗಿಲು ಬಡಿದರು. ರಕ್ತಸಂಬಂಧವಿಲ್ಲ, ಮಾತು ಕಲಿತಾಗಿನಿಂದ ಅವರನ್ನು ಅತ್ತೆ ಎಂದೇ ಕರೆದು ಅಭ್ಯಾಸ. ‘ತೋಡಿನ ಸದ್ದು ನಿಂತಿದೆ, ಏಳು ಮಗ’ ಎಂದರು. ಕಿವಿಗೊಟ್ಟೆ. ಎರಡು ತಿಂಗಳಿನಿಂದ ಹಗಲೂ ರಾತ್ರಿ ಭೋರ್ಗರೆಯುತ್ತಿದ್ದ ತೋಡು ಸುಮ್ಮನಾಗಿತ್ತು. ಮಳೆ ಮಾತ್ರ ಸುರಿಯುತ್ತಲೇ ಇತ್ತು. ಮೇಲೆಲ್ಲೋ ಗುಡ್ಡದ ಮಗ್ಗುಲಿನ ಮಣ್ಣು ಜರಿದು ನೀರಿಗೆ ಅಡ್ಡ ಬಿದ್ದಿದೆ, ಆ ಒಡ್ಡು ಒಡೆದರೆ ಕೆಸರು, ಬಂಡೆ, ಮರ ಎಲ್ಲವೂ ಒಟ್ಟಿಗೆ ಇಳಿಯುತ್ತವೆ ಎಂದು ಅವರಿಗೆ ತಿಳಿದಿತ್ತು. ಪಟ್ಟಣದ ಕಾಲೇಜಿನಲ್ಲಿ ಓದಿ ಬಂದ ನನಗೆ ತಿಳಿದಿರಲಿಲ್ಲ. ನಾವು ಹನ್ನೊಂದು ಜನ ಕತ್ತಲಲ್ಲಿ ಗುಡ್ಡ ಹತ್ತಿ ರಸ್ತೆಗೆ ಬಂದೆವು. ಹಿಂದೆ ದನಗಳು ಕೂಗುತ್ತಿದ್ದವು. ಬೆಳಕು ಹರಿದಾಗ ಕೆಳಗೆ ನೋಡಿದರೆ ಗದ್ದೆಯಿದ್ದ ಕಡೆ ಕೆಂಪು ಮಣ್ಣಿನ ರಾಶಿ, ಅದರ ನಡುವೆ ಬುಡಮೇಲಾದ ಕಾಫಿ ಗಿಡಗಳು. ನಮ್ಮ ಮನೆ ಅರ್ಧ ನಿಂತಿತ್ತು. ಅತ್ತೆಯ ಮನೆ ಇರಲಿಲ್ಲ.

ಮಡಿಕೇರಿಯ ಒಂದು ಕಲ್ಯಾಣ ಮಂಟಪದಲ್ಲಿ ನಮ್ಮನ್ನು ಇಳಿಸಿದರು. ಕರೆಂಟಿಲ್ಲ, ಮೊಬೈಲಿಗೆ ಸಿಗ್ನಲ್ ಇಲ್ಲ, ಮಂಗಳೂರಿನ ಕಡೆಗೆ ಹೋಗುವ ರಸ್ತೆ ಜೋಡುಪಾಲದ ಹತ್ತಿರ ಕುಸಿದು ಬಂದ್. ಮದುವೆಗೆ ಹಾಸುವ ಜಮಖಾನದ ಮೇಲೆ ಇನ್ನೂರು ಜನ. ಎರಡನೆಯ ದಿನದಿಂದಲೇ ಒಬ್ಬೊಬ್ಬರಾಗಿ ನನ್ನ ಹತ್ತಿರ ಬರತೊಡಗಿದರು. ‘ಮೇಷ್ಟ್ರೇ, ಒಂದು ಅರ್ಜಿ ಬರೆದುಕೊಡಿ.’ ಒಬ್ಬರ ಆಧಾರ್ ಕಾರ್ಡು ಹೋಗಿತ್ತು, ಇನ್ನೊಬ್ಬರ ಮಗಳ ಅಂಕಪಟ್ಟಿ, ಮತ್ತೊಬ್ಬರ ಬ್ಯಾಂಕ್ ಪಾಸ್‌ಬುಕ್ಕು. ನಾಳೆ ಬರೆದುಕೊಡುತ್ತೇನೆ ಎಂದು ಎಲ್ಲರಿಗೂ ಹೇಳಿದೆ. ನನ್ನ ತಲೆಯಲ್ಲಿ ಅಂಕಣವಿತ್ತು. ನನ್ನ ಊರೇ ಕುಸಿದಿದೆ, ನಾನಲ್ಲದೆ ಇದನ್ನು ಯಾರು ಬರೆಯಬೇಕು, ಆದರೆ ಈ ಗದ್ದಲದಲ್ಲಿ, ಮಕ್ಕಳ ಅಳುವಿನಲ್ಲಿ, ಒದ್ದೆ ಬಟ್ಟೆಯ ವಾಸನೆಯಲ್ಲಿ ಬರೆಯುವುದು ಸಾಧ್ಯವೇ ಎಂದುಕೊಂಡೆ. ಶಾಲೆಗಳಿಗೆ ಹೇಗೂ ರಜೆ. 20ನೇ ತಾರೀಖು ಮೈಸೂರಿನ ತಂಗಿಯ ಮನೆಗೆ ಹೊರಟೆ. ಹೊರಡುವಾಗ ಅತ್ತೆ ಬಾಗಿಲವರೆಗೆ ಬಂದು ‘ಬೇಗ ಬಾ, ನನ್ನದೂ ಒಂದು ಅರ್ಜಿ ಇದೆ’ ಎಂದರು.

ಇಲ್ಲಿಂದ ಮುಂದೆ ನಡೆದದ್ದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ನೀವು ಕೇಳಿದ್ದಕ್ಕೆ ಉತ್ತರ ಇರುವುದು ಇದರಲ್ಲೇ.

ತಂಗಿ ಮಹಡಿಯ ಮೇಲಿನ ಕೋಣೆ ಬಿಟ್ಟುಕೊಟ್ಟಳು. ಕೆಳಗೆ ಟಿವಿಯಲ್ಲಿ ಮಡಿಕೇರಿಯ ಆ ಎರಡಂತಸ್ತಿನ ಮನೆ ಗುಡ್ಡದಂಚಿನಿಂದ ಜಾರಿ ಬೀಳುವುದನ್ನೇ ಮತ್ತೆ ಮತ್ತೆ ತೋರಿಸುತ್ತಿದ್ದರು. ನಡುನಡುವೆ ಕೇರಳದ ಪ್ರವಾಹ. ಮೂರು ದಿನ ನಿದ್ದೆ ಮಾಡಿದೆ, ಹೊತ್ತಿಗೆ ಸರಿಯಾಗಿ ಊಟ ಮಾಡಿದೆ. ನಾಲ್ಕನೆಯ ದಿನ ಮನಸ್ಸು ನಿಜಕ್ಕೂ ತಿಳಿಯಾಯಿತು. ನೀವು ಬಯಸುತ್ತಿರುವ ಶಾಂತಿ ಅದೇ ಎಂದುಕೊಳ್ಳುತ್ತೇನೆ. ಒಂದೇ ಪಟ್ಟಿಗೆ ಕುಳಿತು ಲೇಖನ ಮುಗಿಸಿದೆ. ಅದರಲ್ಲಿ ಒಂದು ವಾಕ್ಯ ಹೀಗಿತ್ತು: ‘ಕೊಟ್ಟಿಗೆಯಲ್ಲಿ ಕಟ್ಟಿದ್ದ ಹಸುಗಳ ಕೂಗನ್ನು ಬೆನ್ನಿಗೆ ಕಟ್ಟಿಕೊಂಡು ಅತ್ತೆ ಗುಡ್ಡ ಹತ್ತಿದರು.’

ಬರೆದಾಗ ಅದನ್ನು ಎರಡು ಸಲ ಗಟ್ಟಿಯಾಗಿ ಓದಿಕೊಂಡೆ. ಕಟ್ಟಿದ್ದ ಹಸು, ಕಟ್ಟಿಕೊಂಡ ಕೂಗು: ಮಾತು ಮಾತಿಗೆ ಕೂಡಿತ್ತು. ಆ ಕೂಟಕ್ಕಾಗಿಯೇ ಅದನ್ನು ಉಳಿಸಿಕೊಂಡೆ. ಹಸುಗಳನ್ನು ಕಟ್ಟಿಹಾಕಿದ್ದನ್ನು ನಾನು ಕಂಡಿರಲಿಲ್ಲ. ಕತ್ತಲಲ್ಲಿ ಕೂಗು ಕೇಳಿದ್ದು ನಿಜ, ಅಷ್ಟೇ. ಕೂಗುವ ಹಸು ಎಂದರೆ ಹಗ್ಗದಲ್ಲಿ ಸಿಕ್ಕಿಬಿದ್ದ ಹಸುವೇ ಇರಬೇಕೆಂದು ಆ ನಿಶ್ಶಬ್ದ ಕೋಣೆಯಲ್ಲಿ ಕುಳಿತ ನನ್ನ ಬುದ್ಧಿ ತೀರ್ಮಾನಿಸಿತು. ಅತ್ತೆಯನ್ನು ಕೇಳಬಹುದಿತ್ತು. ಅವರ ಹತ್ತಿರ ಫೋನ್ ಇರಲಿಲ್ಲ, ಆದರೆ ಅಷ್ಟು ಹೊತ್ತಿಗೆ ಮಡಿಕೇರಿಗೆ ಸಿಗ್ನಲ್ ಬಂದಿತ್ತು, ಮಂಟಪದಲ್ಲಿ ಕೆಲಸ ಮಾಡುತ್ತಿದ್ದ ಹುಡುಗನೊಬ್ಬನ ನಂಬರು ನನ್ನ ಬಳಿ ಇತ್ತು. ಎರಡು ನಿಮಿಷದ ಕೆಲಸ. ಕೇಳಬೇಕೆಂದು ನನಗೆ ಅನ್ನಿಸಲೇ ಇಲ್ಲ, ಏಕೆಂದರೆ ಸಂದೇಹವೇ ಬರಲಿಲ್ಲ. ಮಂಟಪದಲ್ಲೇ ಇದ್ದಿದ್ದರೆ ಅತ್ತೆ ಹತ್ತು ಅಡಿ ದೂರದಲ್ಲಿ ಕುಳಿತಿರುತ್ತಿದ್ದರು. ಆ ಪದವನ್ನು ಬರೆಯುವಾಗ ತಲೆ ಎತ್ತಿದರೆ ಅವರ ಮುಖ ಕಾಣುತ್ತಿತ್ತು. ಮೈಸೂರಿನಲ್ಲಿ ತಲೆ ಎತ್ತಿದರೆ ಕಿಟಕಿ, ಕಿಟಕಿಯಾಚೆ ಒಂದು ಹೊಂಗೆ ಮರ.

ಲೇಖನ ಭಾನುವಾರ ಅಚ್ಚಾಯಿತು. ತುಂಬ ಜನ ಮೆಚ್ಚಿಕೊಂಡು ಫೋನ್ ಮಾಡಿದರು. ಹೆಸರು ಬರೆದಿರಲಿಲ್ಲ, ಆದರೆ ನಮ್ಮ ಕಡೆಯವರಿಗೆ ಅದು ಯಾರ ಮನೆಯ ಮಾತೆಂದು ತಿಳಿಯಲು ಹೆಸರು ಬೇಕಿರಲಿಲ್ಲ.

ಸೆಪ್ಟೆಂಬರ್ ಎರಡನೆಯ ವಾರ ಮಡಿಕೇರಿಗೆ ಮರಳಿದೆ. ಅತ್ತೆ ಜಮಖಾನದ ಮೇಲೆ ಕುಳಿತಿದ್ದರು. ನನ್ನನ್ನು ಕಂಡು ಏಳಲಿಲ್ಲ. ಬಲಗೈ ಹೆಬ್ಬೆರಳನ್ನು ನನ್ನ ಮುಂದೆ ಹಿಡಿದರು. ಉಗುರಿನ ಬುಡದಿಂದ ಅಂಗೈವರೆಗೆ ಒಣಗುತ್ತಿದ್ದ ಗಾಯ. ಒದ್ದೆಯಾದ ನೈಲಾನ್ ಹಗ್ಗದ ಗಂಟು ಬಿಚ್ಚಲು ಬಂದಿರಲಿಲ್ಲವಂತೆ. ನನ್ನ ಬಾಗಿಲು ಬಡಿಯುವ ಮೊದಲೇ ಕೊಟ್ಟಿಗೆಗೆ ಹೋಗಿ, ಕತ್ತಲಲ್ಲಿ ಕತ್ತಿಯಿಂದ ಮೂರೂ ಹಗ್ಗಗಳನ್ನು ಕೊಯ್ದಿದ್ದರು. ಕೊನೆಯ ಹಗ್ಗ ಕೊಯ್ಯುವಾಗ ಕತ್ತಿ ಜಾರಿ ಬೆರಳಿಗೆ ತಗುಲಿತ್ತು. ಗುಡ್ಡ ಹತ್ತುವಾಗ ಅವರು ಸೆರಗಿನಲ್ಲಿ ಕೈ ಸುತ್ತಿಕೊಂಡಿದ್ದರು. ನಾನು ಪಕ್ಕದಲ್ಲೇ ನಡೆದಿದ್ದೆ. ಚಳಿಗೆ ಎಂದುಕೊಂಡಿದ್ದೆ.

‘ಕಟ್ಟಿಹಾಕಿ ಬಂದವಳು ನಾನಾ?’ ಎಂದು ಕೇಳಿದರು.

ದನ ಸಾಕಿದವರ ಮನೆಯಲ್ಲಿ ಹುಟ್ಟಿದ್ದರೆ ಈ ಪ್ರಶ್ನೆಯ ಭಾರ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಬಾಯಿಲ್ಲದ ಪ್ರಾಣಿಯನ್ನು ಹಗ್ಗದಲ್ಲಿ ಬಿಟ್ಟು ತಾನು ಓಡಿ ಬಂದವಳು ಎಂದು ನಾನು ಊರಿಗೆಲ್ಲ ಸಾರಿದ್ದೆ. ಅವರ ತವರಿನವರು ಫೋನ್ ಮಾಡಿ ‘ಹಗ್ಗ ಬಿಚ್ಚುವಷ್ಟೂ ಪುರಸೊತ್ತಿರಲಿಲ್ಲವೇ’ ಎಂದು ಕೇಳಿದ್ದರಂತೆ. ಮೂರರಲ್ಲಿ ಎರಡು ಹಸು ಮೇಲಿನ ತೋಟವೊಂದರಲ್ಲಿ ಸಿಕ್ಕಿದ್ದವು. ಕರೆಯುವ ಹಸು ಸಿಕ್ಕಿರಲಿಲ್ಲ. ಆಗಿನ ನಿಯಮದಂತೆ ಅಂಥ ಹಸುವಿಗೆ 30,000 ರೂಪಾಯಿ ಪರಿಹಾರವಿತ್ತು. ಅದಕ್ಕೆ ಅರ್ಜಿ ಹಾಕಲು ಅವರು ಒಪ್ಪಲಿಲ್ಲ. ಪೇಪರಿನಲ್ಲಿ ಹಾಗೆ ಬಂದ ಮೇಲೆ ಅದೇ ಹಸುವಿನ ಹೆಸರಿನಲ್ಲಿ ದುಡ್ಡು ಕೇಳಲು ಕೈ ಒಡ್ಡುವುದಿಲ್ಲ ಎಂದರು. ನಾನು ಎಷ್ಟು ಬೇಡಿಕೊಂಡರೂ ಸಹಿ ಹಾಕಲಿಲ್ಲ. ಪತ್ರಿಕೆಗೆ ತಿದ್ದುಪಡಿ ಬರೆದು ಕಳಿಸಿದೆ. ಎರಡು ವಾರ ಬಿಟ್ಟು ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು ಬಂತು. ಅದನ್ನು ಓದಿದೆ ಎಂದವರು ಒಬ್ಬರೂ ಸಿಗಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಶಾಂತಿ ಮೊದಲು, ಬರಹ ಆಮೇಲೆ ಎಂದು ನೀವು ಹಿಡಿದಿರುವ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ನನ್ನ ಜೀವನದ ಅತ್ಯಂತ ತಪ್ಪು ವಾಕ್ಯವನ್ನು ನಾನು ಅತ್ಯಂತ ಶಾಂತವಾಗಿದ್ದಾಗ ಬರೆದೆ. ಕೈ ನಡುಗುತ್ತಿದೆ ಎಂದರೆ ನೀವು ಇನ್ನೂ ಘಟನೆಯ ಹತ್ತಿರ ಇದ್ದೀರಿ ಎಂದರ್ಥ. ಆ ಹತ್ತಿರವನ್ನು ಕಳೆದುಕೊಳ್ಳಬೇಡಿ. ಧ್ಯಾನ, ಪ್ರಾಣಾಯಾಮ ಮಾಡಿ ಎಂದು ಹಲವರು ಹೇಳುತ್ತಾರೆ. ಅದರಿಂದ ಒಳ್ಳೆಯದಾದರೆ ಮಾಡಿ, ಬೇಡವೆನ್ನುವುದಿಲ್ಲ. ಮನೆಯವರ ಜೀವಕ್ಕೆ ಅಪಾಯವಿದ್ದರೆ ಮೊದಲು ಅವರನ್ನು ಕರೆದುಕೊಂಡು ಹೊರಡಿ, ಅದು ಬೇರೆ ಮಾತು. ಆದರೆ ಬರಹಕ್ಕಾಗಿ ಎಂದು ಊರು ಬಿಡಬೇಡಿ.

ನೀವು ಕೇಳಿದ ‘ಶಕ್ತಿ’ ನನಗೆ ಎಲ್ಲಿ ಸಿಕ್ಕಿತು ಎಂದು ಹೇಳುತ್ತೇನೆ. ಅತ್ತೆ ಮುಖ ತಿರುಗಿಸಿದ ಮಾರನೆಯ ದಿನ ಮಂಟಪದ ಬಾಗಿಲ ಬಳಿ ಒಂದು ಮೇಜು ಹಾಕಿಕೊಂಡು ಕುಳಿತೆ. ಅರ್ಜಿ ಬರೆಯತೊಡಗಿದೆ. ಹೆಸರು, ತಂದೆ ಅಥವಾ ಗಂಡನ ಹೆಸರು, ಗ್ರಾಮ, ಹೋಬಳಿ, ಸರ್ವೆ ನಂಬರು, ಚಕ್ಕುಬಂದಿ. ಕೊಡಗಿನಲ್ಲಿ ಇದು ಸುಲಭವಲ್ಲ. ಜಮ್ಮಾ ಜಾಗದ, ಅಂದರೆ ವಂಶಪಾರಂಪರ್ಯವಾಗಿ ಕುಟುಂಬಕ್ಕೆ ಬಂದ ಭೂಮಿಯ, ಪಹಣಿಯಲ್ಲಿ ಇನ್ನೂ ಮುತ್ತಜ್ಜನ ಹೆಸರು ಇರುತ್ತದೆ, ಉಳುತ್ತಿರುವವರು ಮರಿಮಕ್ಕಳು, ಪಾಲುದಾರರು ನಾಲ್ಕು ಊರಿನಲ್ಲಿ ಚದುರಿರುತ್ತಾರೆ. ಪೂರ್ವಕ್ಕೆ ಯಾರ ತೋಟ, ಪಶ್ಚಿಮಕ್ಕೆ ಏನು ಎಂದು ಕೇಳಿದರೆ ಕೆಲವರು ಉತ್ತರ ಹೇಳುವುದನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದರು. ‘ತೋಡು’ ಎನ್ನಬೇಕು, ಆದರೆ ತೋಡು ಈಗ ಅಲ್ಲಿ ಹರಿಯುತ್ತಿರಲಿಲ್ಲ. ಇತ್ತು ಎಂದು ಬರೆಯಲೇ, ಇದೆ ಎಂದು ಬರೆಯಲೇ? ಮನೆಗೆ ‘ಪೂರ್ಣ ಹಾನಿ’ಯೋ ‘ಭಾಗಶಃ ಹಾನಿ’ಯೋ? ಈ ಎರಡು ಮಾತುಗಳ ನಡುವೆ ಒಂದು ಸಂಸಾರದ ಮುಂದಿನ ಹತ್ತು ವರ್ಷ ಇತ್ತು. ಒಂದು ಪದ ಬರೆಯುವ ಮುನ್ನ ಎದುರಿಗಿದ್ದವರನ್ನು ಮೂರು ಸಲ ಕೇಳುತ್ತಿದ್ದೆ, ಬರೆದು ಓದಿ ಹೇಳುತ್ತಿದ್ದೆ, ಅವರು ಹೂಂ ಎಂದ ಮೇಲೆ ಸಹಿ. ಮೊದಲ ಅರ್ಜಿ ಬರೆಯುವಾಗ ನನ್ನ ಕೈಯೂ ನಡುಗುತ್ತಿತ್ತು. ಯಾವಾಗ ನಿಂತಿತೋ ಗೊತ್ತಿಲ್ಲ, ಸಂಜೆ ನೋಡಿಕೊಂಡಾಗ ಅಕ್ಷರ ನೆಟ್ಟಗಿದ್ದವು.

ಒಂದೂವರೆ ತಿಂಗಳು ಹಾಗೆ ಬರೆದೆ. ಇಪ್ಪತ್ತು ವರ್ಷ ಪಾಠ ಮಾಡಿ, ಅಂಕಣ ಬರೆದು ಕಲಿಯದ ಗದ್ಯವನ್ನು ಆ ಅರ್ಜಿಗಳು ಕಲಿಸಿದವು. ರಾತ್ರಿ ಮಲಗುವ ಮುನ್ನ ಆ ದಿನ ಕೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಹೋಲಿಕೆಯಿಲ್ಲ, ಬಣ್ಣವಿಲ್ಲ. ಯಾರು, ಎಲ್ಲಿ, ಎಷ್ಟು ಹೊತ್ತಿಗೆ, ಅವರ ಬಾಯಿಂದ ಬಂದ ಮಾತು ಹೇಗಿತ್ತೋ ಹಾಗೆ. ಅಂಕಣವನ್ನು ಮತ್ತೆ ಶುರು ಮಾಡಿದ್ದು ಮುಂದಿನ ವರ್ಷ ಜನವರಿಯಲ್ಲಿ. ಅದರಲ್ಲಿ ಬಂದ ಪ್ರತಿಯೊಬ್ಬರಿಗೂ ಅಚ್ಚಿಗೆ ಹೋಗುವ ಮೊದಲು ಓದಿ ಹೇಳಿದ್ದೇನೆ. ಪತ್ರಕರ್ತ ಗೆಳೆಯರು ಇದನ್ನು ಒಪ್ಪುವುದಿಲ್ಲ, ಬರೆಯುವವನ ಸ್ವಾತಂತ್ರ್ಯ ಹೋಗುತ್ತದೆ ಎನ್ನುತ್ತಾರೆ. ಅಧಿಕಾರದಲ್ಲಿರುವವರ ಬಗ್ಗೆ ಬರೆಯುವಾಗ ಅವರ ಮಾತು ಸರಿ. ಮನೆ ಕಳೆದುಕೊಂಡವರ ವಿಷಯದಲ್ಲಿ ನಾನು ನನ್ನ ಪಟ್ಟು ಬಿಡುವುದಿಲ್ಲ.

2020ರ ಮಾರ್ಚ್ 24ರ ರಾತ್ರಿ 21 ದಿನಗಳ ಲಾಕ್‌ಡೌನ್ ಘೋಷಣೆಯಾದಾಗ ನಾನು ಶಾಂತಿಗಾಗಿ ಕಾಯಲಿಲ್ಲ. ಮಾರನೆಯ ದಿನವೇ ನೋಟ್‌ಬುಕ್ಕು ತೆಗೆದೆ. ಆಮೇಲೆ ಹೊರರಾಜ್ಯಗಳಲ್ಲಿ ಸಿಕ್ಕಿಬಿದ್ದ ನಮ್ಮ ಹುಡುಗರು ಊರಿಗೆ ಮರಳಲು ಸರ್ಕಾರದ ‘ಸೇವಾ ಸಿಂಧು’ ಜಾಲತಾಣದಲ್ಲಿ ಅರ್ಜಿ ಹಾಕಬೇಕಾದಾಗ, ಅವರ ಅಪ್ಪ ಅಮ್ಮಂದಿರು ಮೊಬೈಲ್ ಹಿಡಿದು ನನ್ನ ಜಗುಲಿಗೇ ಬಂದರು. ಹೆದರಿಕೆ ಅವರಿಗಿದ್ದಷ್ಟೇ ನನಗೂ ಇತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಬ್ರಹ್ಮಗಿರಿ ಬೆಟ್ಟ ಕುಸಿದ ಸುದ್ದಿ ಕೇಳಿದ ರಾತ್ರಿ ನಾನು ಕುರ್ಚಿಯಲ್ಲೇ ಕುಳಿತು ಬೆಳಗು ಮಾಡಿದೆ. ಈಗಲೂ ಜೋರು ಮಳೆಯಲ್ಲಿ ನಡುರಾತ್ರಿ ಎದ್ದು ತೋಡಿನ ಸದ್ದು ಇದೆಯೇ ಎಂದು ಕೇಳಿಸಿಕೊಳ್ಳುತ್ತೇನೆ. ನಾನು ಶಾಂತನಾಗಿದ್ದೇನೆ ಎಂದು ನಿಮಗೆ ಹೇಳಿದರೆ ಸುಳ್ಳಾಗುತ್ತದೆ. ಬರೆಯುತ್ತಿದ್ದೇನೆ ಎನ್ನುವುದು ನಿಜ.

ಅತ್ತೆಗೆ ಸರ್ಕಾರ ಕಟ್ಟಿಸಿದ ಬಡಾವಣೆಯೊಂದರಲ್ಲಿ ಮನೆ ಸಿಕ್ಕಿದೆ. ಗಟ್ಟಿ ಮನೆ, ಸಮತಟ್ಟಾದ ಜಾಗ. ಕೊಟ್ಟಿಗೆಗೆ ಮಾತ್ರ ಜಾಗವಿಲ್ಲ. ಉಳಿದ ಎರಡು ಹಸುಗಳನ್ನು ತಮ್ಮನ ಮನೆಗೆ ಕೊಟ್ಟರು. ನನ್ನೊಂದಿಗೆ ಮಾತಾಡಲು ಅವರಿಗೆ ಒಂದೂಕಾಲು ವರ್ಷ ಹಿಡಿಯಿತು. ನಿಮ್ಮ ಪ್ರಶ್ನೆ ಓದಿದ ಮೇಲೆ ಮೊನ್ನೆ ಅವರ ಮನೆಗೆ ಹೋಗಿ, ಆ ರಾತ್ರಿಯ ಕಥೆಯನ್ನು ಒಬ್ಬರಿಗೆ ಬರೆಯಲೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಗ್ಗ ಕೊಯ್ದದ್ದನ್ನು ಬರೆ’ ಎಂದರು. ಮೇಲಿನದನ್ನೆಲ್ಲ ಅವರಿಗೆ ಓದಿ ಹೇಳಿದ್ದೇನೆ. ಕತ್ತಿ ಜಾರಿದ್ದು ಎರಡನೆಯ ಹಗ್ಗಕ್ಕೆ ಎಂದು ನಾನು ಬರೆದಿದ್ದೆ, ಅಲ್ಲ, ಕೊನೆಯದಕ್ಕೆ ಎಂದು ತಿದ್ದಿಸಿದರು.

ನೀವು ಇಂದು ರಾತ್ರಿ ಪರಿಹಾರ ಕೇಂದ್ರದಲ್ಲೇ ಇದ್ದರೆ ಲೇಖನದ ಯೋಚನೆ ಬಿಡಿ. ಯಾರಿಗೆ ಅರ್ಜಿ ಬೇಕು ಎಂದು ಕೇಳಿ. ನೋಟ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಅಂಗಿಯ ಒಳಗೆ ಇಟ್ಟುಕೊಳ್ಳಿ. ಪೆನ್ಸಿಲ್ ತೆಗೆದುಕೊಳ್ಳಿ, ತೇವ ಹಿಡಿದ ಕಾಗದದ ಮೇಲೆ ಬಾಲ್ ಪೆನ್ ಓಡುವುದಿಲ್ಲ.