ಗೋದಾವರಿಯ ಹಳೇ ರೈಲು ಸೇತುವೆ ಗುಜರಿಗೆ ಹೋಗ್ಬೇಕಾ?

ದಾವಣಗೆರೆಯ ಓದುಗರೊಬ್ಬರು ಬರೆದಿದಾರೆ: ಬೆಂಗಳೂರಿಂದ ಹೌರಾಗೆ ಹೋಗ್ತಾ ರಾಜಮಂಡ್ರಿ ಹತ್ರ ಗೋದಾವರಿ ದಾಟುವಾಗ ಪಕ್ಕದಲ್ಲೇ ಒಂದು ಹಳೇ ಸೇತುವೆ ಕಾಣ್ತು, ಅದರ ಮೇಲೆ ಟ್ರೈನೇ ಓಡಲ್ವಂತೆ, ಅಷ್ಟೊಂದು ಕಬ್ಬಿಣ ಸುಮ್ನೆ ತುಕ್ಕು ಹಿಡೀತಿದೆ, ಕಿತ್ತು ಮಾರಬಾರ್ದಾ ಅಂತ.

ಮೇಡಂ, ನೀವು ನೋಡಿದ್ದು ಹ್ಯಾವ್‌ಲಾಕ್ ಸೇತುವೆ. 1897ರಲ್ಲಿ ಕೆಲಸ ಶುರುವಾಗಿ 1900ರಲ್ಲಿ ಟ್ರೈನ್ ಓಡ್ತು. ಹೆಸರು ಆಗಿನ ಮದ್ರಾಸ್ ಗವರ್ನರ್ ಸರ್ ಆರ್ಥರ್ ಹ್ಯಾವ್‌ಲಾಕ್ ಅವರದ್ದು, ಆದ್ರೆ ಕಟ್ಟಿಸಿದ್ದು ವಾಲ್ಟನ್ ಅನ್ನೋ ಇಂಜಿನಿಯರ್, ಅದಕ್ಕೂ ಮುಂಚೆ ಕಾಶೀಲಿ ಗಂಗೆ ಮೇಲೆ ಡಫರಿನ್ ಸೇತುವೆ ಕಟ್ಟಿಸಿದ್ದವರು. ವಿಜಯವಾಡದಿಂದ ಕಟಕ್ ಕಡೆಗಿನ ಲೈನು 1893-96ರಲ್ಲೇ ಓಪನ್ ಆಗಿತ್ತು, ನಡುವೆ ಗೋದಾವರಿ ಮಾತ್ರ ಬಾಕಿ. ಈ ಸೇತುವೆ ಆದ್ಮೇಲೇ ಮದ್ರಾಸು-ಹೌರಾ ದಾರಿ ಒಂದಾಗಿದ್ದು.

ಒಟ್ಟು 56 ಅಂಕಣ (ಎರಡು ಕಂಬಗಳ ನಡುವಿನ ಭಾಗ), ಒಂದೊಂದೂ 150 ಅಡಿ, ಅಂದ್ರೆ ಬರೀ ಅಂಕಣಗಳೇ ಎರಡೂವರೆ ಕಿಲೋಮೀಟರ್ ದಾಟತ್ತೆ. ಮೇಲಿನ ಕಬ್ಬಿಣಕ್ಕಿಂತ ನನಗೆ ಬೆರಗು ಹುಟ್ಸೋದು ಕೆಳಗಿನ ಕಂಬಗಳು. ಇಂಥ ಮರಳು ಹೊಳೇಲಿ ಕಂಬ ನಿಲ್ಸೋಕೆ ಬಾವಿ ಇಳಿಸ್ತಾರೆ: ನದೀಲೇ ದುಂಡಗೆ ಬಾವಿ ಗೋಡೆ ಕಟ್ಟೋದು, ಒಳಗಿಂದ ಮರಳು ತೋಡಿ ತೋಡಿ ತೆಗೆಯೋದು, ಗೋಡೆ ತನ್ನ ಭಾರಕ್ಕೆ ತಾನೇ ಕೆಳಗೆ ಕೂರತ್ತೆ, ಕೂತಷ್ಟೂ ಮೇಲೆ ಮತ್ತೆ ಕಟ್ಟೋದು, ಒಂದು ಪಕ್ಕ ವಾಲಿದ್ರೆ ಅದನ್ನ ನೆಟ್ಟಗೆ ಮಾಡೋಕೆ ಪರದಾಡೋದು, ಗಟ್ಟಿ ನೆಲ ಸಿಗೋವರೆಗೂ ಇದೇ ಕೆಲಸ. ಮಳೆಗಾಲದಲ್ಲಿ ಹೊಳೆ ತುಂಬಿ ಬಂದ್ರೆ ಎಲ್ಲಾ ನಿಂತೇ ಹೋಗತ್ತೆ. ಹಂಗಿದ್ದೂ ಮೂರೇ ವರ್ಷದಲ್ಲಿ ಮುಗಿಸಿದಾರೆ. ಆ ಮರಳು ತೋಡಿದ ಕೂಲಿಯವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ, ಅವರ ಗುರುತು ಅಂತ ಉಳಿದಿರೋದು ಈ ಕಂಬಗಳೇ.

1986ರ ಆಗಸ್ಟಲ್ಲಿ ಗೋದಾವರಿಗೆ ಭಾರೀ ಪ್ರವಾಹ ಬಂತು, ರಾಜಮಂಡ್ರಿ ಹತ್ರದ ಧವಳೇಶ್ವರ ಅಣೆಕಟ್ಟಲ್ಲಿ 30 ಲಕ್ಷ ಕ್ಯೂಸೆಕ್‌ಗೂ ಜಾಸ್ತಿ ನೀರು. ಅದನ್ನೂ ತಡ್ಕೊಂಡು ನಿಂತ ಸೇತುವೆ ಇದು. 1974ರಲ್ಲಿ ರೈಲು-ರಸ್ತೆ ಎರಡೂ ಇರೋ ಸೇತುವೆ ಬಂತು, ಆಮೇಲೆ ಕಾಂಕ್ರೀಟ್ ಕಮಾನಿನ ಮೂರನೇದು ರೆಡಿ ಆಯ್ತು, 1997ರಲ್ಲಿ ಹಳೇದು ಸೇವೆಯಿಂದ ನಿವೃತ್ತಿ ಆಯ್ತು.

ಈಗ ನಿಮ್ಮ ಪ್ರಶ್ನೆಗೆ. ಮಾರಬಾರ್ದು ಅಂತಾನೇ ನನ್ನ ಅಭಿಪ್ರಾಯ. ಗುಜರಿ ದುಡ್ಡು ಒಂದು ಸಲ ಬರತ್ತೆ, ಖರ್ಚಾಗತ್ತೆ. ಆದ್ರೆ ನಿಮ್ಮ ಆತಂಕಾನೂ ಸರಿಯಾಗೇ ಇದೆ, ಸುಮ್ನೆ ಬಿಟ್ರೆ ಕಬ್ಬಿಣ ಉಳಿಯಲ್ಲ. ಜಾಯಿಂಟು, ರಿವೆಟ್ಟು ಇರೋ ಕಡೆ ನೀರು ನಿಂತು ತುಕ್ಕು ಮೊದ್ಲು ಅಲ್ಲೇ ಶುರುವಾಗೋದು, ಆಗಾಗ ಕೆರೆದು ಪೇಂಟ್ ಹೊಡೀಲೇಬೇಕು. ದಡದ ಹತ್ರದ ನಾಲ್ಕಾರು ಅಂಕಣಗಳನ್ನಾದ್ರೂ ಭದ್ರ ಮಾಡಿ, ಕಟಕಟೆ ಹಾಕಿ ಜನ ನಡೆದಾಡೋಕೆ ಬಿಡ್ಲಿ. ಉಳಿದಿದ್ದಕ್ಕೆ ದುಡ್ಡು ಸಾಲದೇ ಕಬ್ಬಿಣ ಇಳಿಸಲೇಬೇಕಾಗಿ ಬಂದ್ರೂ ಕಂಬಗಳನ್ನ ಮಾತ್ರ ಮುಟ್ಟಬಾರ್ದು.