ಪತ್ರಕ್ಕೆ ಉತ್ತರ: ‘ಹರಾಕಿರಿ’ಯ ಅಂಗಳದಲ್ಲಿ ಸಿಕ್ಕ ಜುಟ್ಟು

ಮಸಾಕಿ ಕೊಬಯಾಶಿಯವರ ಜಪಾನಿ ಚಿತ್ರ ‘ಹರಾಕಿರಿ’ (1962; ಹೊಟ್ಟೆ ಸೀಳಿಕೊಂಡು ಸಾಯುವ ಸಮುರಾಯ್ ವಿಧಿಯ ಹೆಸರದು) ನೋಡಿ ನೀವು ಬರೆದ ಪತ್ರ ತಲುಪಿದೆ. ‘ಹನ್‌ಶಿರೊ ಅಷ್ಟು ಕಾದಾಡಿ ಸತ್ತರೂ ಈಯಿ ಮನೆತನದ ದಫ್ತರದಲ್ಲಿ ಸುಳ್ಳೇ ದಾಖಲಾಯಿತು, ಅವನು ಒಡೆದ ಕವಚವೂ ಮತ್ತೆ ಪೀಠವೇರಿತು. ಹಾಗಾದರೆ ಅವನು ಸಾಧಿಸಿದ್ದೇನು?’ ಎಂದು ಕೇಳಿದ್ದೀರಿ.

ಹನ್‌ಶಿರೊ ಒಬ್ಬ ರೋನಿನ್, ಅಂದರೆ ಒಡೆಯನಿಲ್ಲದ ಸಮುರಾಯ್. ತನ್ನ ಅಳಿಯ ಮೊತೊಮೆಯನ್ನು ಸಾಯಿಸಿದ ಈಯಿ ಮನೆತನದ ಅಂಗಳಕ್ಕೆ ಹರಾಕಿರಿ ಮಾಡಿಕೊಳ್ಳುತ್ತೇನೆಂದು ಬರುತ್ತಾನೆ; ಆ ಸಾವಿಗೆ ಕಾರಣರಾದ ಮೂವರ ಜುಟ್ಟನ್ನು ಅವನು ಮೊದಲೇ ಕತ್ತರಿಸಿರುತ್ತಾನೆ. 1630ರ ಎದೊ (ಇಂದಿನ ಟೋಕಿಯೊ) ನಗರದಲ್ಲಿ ಗೆದ್ದದ್ದು ದಫ್ತರವೇ. ಅದನ್ನು ಹಗುರ ಮಾಡಿ ಹೇಳಲು ನಮಗೆ ಮನಸ್ಸಿಲ್ಲ. ಆದರೆ ಅದು ಎಷ್ಟನ್ನು ಮುಚ್ಚಬೇಕಾಯಿತು ನೋಡಿ. ಹನ್‌ಶಿರೊನ ಕತ್ತಿಗೆ ಸತ್ತವರು ನಾಲ್ವರು. ಜುಟ್ಟು ಕಳೆದುಕೊಂಡ ಮೂವರಲ್ಲಿ ಒಮೊದಾಕಾ ತಾನೇ ಹೊಟ್ಟೆ ಸೀಳಿಕೊಂಡ; ಉಳಿದಿಬ್ಬರೂ ಹಾಗೇ ಸಾಯಬೇಕೆಂದು ಮನೆತನದ ಹಿರಿಯ ಸಲಹೆಗಾರ ಸೈತೊ ಅಪ್ಪಣೆ ಕೊಟ್ಟ. ಏಳೂ ಸಾವಿಗೆ ಕಾರಣ ‘ಕಾಯಿಲೆ’ ಎಂದಾಯಿತು. ಹನ್‌ಶಿರೊಗೆ ಬುದ್ಧಿಭ್ರಮಣೆ ಎಂದು ಬರೆದರು.

ಈ ‘ಕಾಯಿಲೆ’ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಹರಾಕಿರಿಯಲ್ಲಿ ಹೊಟ್ಟೆ ಸೀಳಿಕೊಂಡವನ ತಲೆಯನ್ನು ಪಕ್ಕದಲ್ಲಿ ನಿಂತವನು ಕಡಿಯಬೇಕು. ಚಿತ್ರದ ಮೊದಲಲ್ಲೇ ಹನ್‌ಶಿರೊ ಆ ಕೆಲಸಕ್ಕೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳುತ್ತಾನೆ. ಜುಟ್ಟು ಕಳೆದುಕೊಂಡ ಆ ಮೂವರೂ ಕಾಯಿಲೆಯೆಂದು ಬಂದಿಲ್ಲ. ನಿಜವಾಗಿ ಅವರು ಕೂದಲು ಬೆಳೆಯಲೆಂದು ಕಾಯುತ್ತಿದ್ದಾರೆ. ಅಳಿಯ ಮೊತೊಮೆ ಒಂದೆರಡು ದಿನದ ಗಡುವು ಬೇಡಿದಾಗ ಕೊಡದೆ, ಬಿದಿರಿನ ಕತ್ತಿಯಿಂದಲೇ ಹೊಟ್ಟೆ ಸೀಳಿಕೊಳ್ಳುವಂತೆ ಮಾಡಿದವರು ಇವರೇ. ಸಮುರಾಯ್‌ಗೆ ತಲೆ ಹೋದರೂ ಮಾನ ಉಳಿದೀತು. ಜುಟ್ಟು ಕೊಟ್ಟು ಜೀವ ಉಳಿಸಿಕೊಂಡವನಿಗೆ ಅದೂ ಇಲ್ಲ. ಹನ್‌ಶಿರೊ ಅವರನ್ನು ಕೊಲ್ಲದೆ ಬಿಟ್ಟದ್ದು ಅದಕ್ಕೇ. ಅವರೇನು ಮಾಡುತ್ತಾರೆಂದು ನೋಡಬೇಕಿತ್ತು. ಅವರು ಅಡಗಿ ಕುಳಿತರು.

ಕವಚದ ಮಾತಿಗೆ ಬಂದರೆ, ಅದು ಮನೆತನದ ಹಿರಿಯರ ಗುರುತು, ಎಲ್ಲರೂ ತಲೆಬಾಗುವ ವಸ್ತು. ಹನ್‌ಶಿರೊ ಅದನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದಾಗ ಒಳಗೆ ಏನೂ ಇಲ್ಲವೆಂಬುದು ಕಣ್ಣಿಗೆ ಕಾಣುತ್ತದೆ. ತುಂಡುಗಳನ್ನು ಜೋಡಿಸಿ ನಿಲ್ಲಿಸಿದ ಮೇಲೂ ಅದು ಟೊಳ್ಳೇ. ಕತ್ತಿಯ ಧರ್ಮ ಬೋಧಿಸಿದ ಮನೆ ಕೊನೆಗೆ ಒಬ್ಬಂಟಿ ರೋನಿನ್ ಮೇಲೆ ಬಂದೂಕು ತಂದಿತು ಎಂಬುದನ್ನೂ ಮರೆಯಬೇಡಿ. ಗುಂಡು ಹಾರುವಷ್ಟರಲ್ಲಿ ಹನ್‌ಶಿರೊ ತನ್ನ ಹೊಟ್ಟೆಗೆ ತಾನೇ ಕತ್ತಿ ಇಟ್ಟುಕೊಂಡಿದ್ದ.

ಇನ್ನೊಮ್ಮೆ ನೋಡುವಾಗ ಕಾಳಗ ಮುಗಿಯಿತೆಂದು ಏಳಬೇಡಿ. ಆಳುಗಳು ಅಂಗಳ ಸ್ವಚ್ಛ ಮಾಡುತ್ತಾರೆ. ಒಬ್ಬನ ಕೈಗೆ ಕೂದಲಿನ ಗಂಟೊಂದು ಸಿಗುತ್ತದೆ, ಹನ್‌ಶಿರೊ ಎಸೆದಿದ್ದ ಮೂರರಲ್ಲಿ ಒಂದು. ಅವನು ಅದನ್ನು ಬಕೆಟ್ಟಿಗೆ ಹಾಕಿಕೊಳ್ಳುತ್ತಾನೆ. ದಫ್ತರ ಬರೆದವನು ಆ ಗಂಟನ್ನು ಎಲ್ಲೂ ಹೆಸರಿಸುವುದಿಲ್ಲ. ಕೊಬಯಾಶಿ ಅದನ್ನು ನಮ್ಮ ಕಣ್ಣಿಗೆ ತೋರಿಸಿಯೇ ಚಿತ್ರ ಮುಗಿಸುತ್ತಾರೆ.